ನಾಲ್ಕು ಕೋಣೆಗೆ ಹನ್ನೆರಡು ಸಾವಿರ ಬಾಗಿಲು

ಶೃಂಗೇರಿಗೆ ಇನ್ನೂ ರೈಲು ಬಂದಿಲ್ಲ. ಆದರೆ ಗೂಗಲಿನಲ್ಲಿ ಹುಡುಕಿದರೆ ‘ಶೃಂಗೇರಿ ರೈಲ್ವೆ ನಿಲ್ದಾಣಕ್ಕೆ ಸಮೀಪದ ಹತ್ತು ಅತ್ಯುತ್ತಮ ಹೋಂಸ್ಟೇಗಳು’ ಬಂದು ಕೂತಿವೆ. ಚಿಕ್ಕಮಗಳೂರಿನಲ್ಲಿ ವಿಮಾನ ಇಳಿಯುವುದಿಲ್ಲ. ಅಲ್ಲಿನ ವಿಮಾನ ನಿಲ್ದಾಣದಿಂದ ಅಗ್ಗದ ದರಕ್ಕೆ ಕರೆದೊಯ್ಯುವ ಟ್ಯಾಕ್ಸಿಗಳಿಗೆ ಮಾತ್ರ ಬರವಿಲ್ಲ. ಬಯಲುಸೀಮೆಯ ಕಡೂರಿನಲ್ಲಿ ಬಿಸಿಲಿಗೆ ತಲೆಯ ಮೇಲೆ ಟವೆಲು ಹಾಕಿಕೊಂಡು ನಿಂತವನಿಗೆ ಅವನ ಮೊಬೈಲು ‘ಕಡೂರಿನ ಮಂಜು ಮುಸುಕಿದ ಕಣಿವೆಗಳಲ್ಲಿ ಮೈಮರೆಯಿರಿ’ ಎಂದು ಹೇಳುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ, ತಲೆಯ ಮೇಲೆ ಟೋಪಿ ನಿಲ್ಲದ ಗಾಳಿಯಲ್ಲಿ, ಎಸಿ ರಿಪೇರಿಯವರು ಮೂವತ್ತು ನಿಮಿಷದಲ್ಲಿ ನಿಮ್ಮ ಮನೆ ಬಾಗಿಲಿಗೆ ಬರುತ್ತಾರಂತೆ. ಮನೆಯೊಂದನ್ನು ನೀವೇ ಹೊತ್ತುಕೊಂಡು ಹೋಗಬೇಕು.

ಇವನ್ನೆಲ್ಲ ಯಾರೋ ಕೂತು ಬರೆದಿದ್ದಾರೆ ಎಂದುಕೊಳ್ಳಬೇಡಿ. ಬರೆದಿದ್ದರೆ ಬೈಯುವುದಕ್ಕೆ ಒಬ್ಬ ಮನುಷ್ಯನಾದರೂ ಸಿಗುತ್ತಿದ್ದ. ಕೆಲಸ ನಡೆಯುವುದು ಹೀಗೆ: ಜಾಲತಾಣಕ್ಕೆ ಒಂದೇ ಒಂದು ಪುಟ ಸಿದ್ಧಪಡಿಸಿ, ಊರಿನ ಹೆಸರು ಬರುವ ಕಡೆಯಲ್ಲೆಲ್ಲ ತೂತು ಬಿಡುತ್ತಾರೆ. ಪಕ್ಕದಲ್ಲಿ ಎಕ್ಸೆಲ್ ಹಾಳೆಯಲ್ಲಿ ಊರುಗಳ ಪಟ್ಟಿ ಇರುತ್ತದೆ. ಗುಂಡಿ ಒತ್ತಿದರೆ ಒಂದೊಂದೇ ಊರು ಬಂದು ತೂತಿನಲ್ಲಿ ಕೂರುತ್ತದೆ. ಊರು 300 ಇರಲಿ. ‘ದಂಪತಿಗಳಿಗೆ’, ‘ಕುಟುಂಬಕ್ಕೆ’, ‘ಈಜುಕೊಳವಿರುವ’, ‘ನಾಯಿಯನ್ನೂ ಕರೆತರಬಹುದಾದ’, ‘ಜಲಪಾತದ ಪಕ್ಕದ’ ಎಂಬಂಥ ವಿಶೇಷಣ 40 ಇರಲಿ. ಗುಣಿಸಿದರೆ 12,000 ಪುಟ. ಇದಕ್ಕೆ ‘ಪ್ರೋಗ್ರಾಮ್ಯಾಟಿಕ್ ಎಸ್‌ಇಒ’ ಎಂದು ಗಂಭೀರವಾದ ಹೆಸರಿದೆ. ಎಸ್‌ಇಒ ಎಂದರೆ ಹುಡುಕಿದವರ ಕಣ್ಣಿಗೆ ನಮ್ಮ ತಾಣವೇ ಮೊದಲು ಬೀಳುವಂತೆ ಮಾಡುವ ವಿದ್ಯೆ. ಹುಡುಕುವವನು ಯಾವ ದಿಕ್ಕಿನಿಂದ ಬಂದರೂ ಎದುರಿಗೊಂದು ಬಾಗಿಲಿರಬೇಕು. ಯಾವ ಬಾಗಿಲು ತೆರೆದರೂ ಒಳಗಿರುವುದು ಅದೇ ನಾಲ್ಕು ಕೋಣೆ, ಅದೇ ಗೀಸರ್, ಅದೇ ಕೆಟ್ಟುಹೋದ ಕೇರಂ ಬೋರ್ಡು.

ಮೂಡಿಗೆರೆ ಕಡೆಯ ಒಬ್ಬ ಯಜಮಾನರನ್ನು ಊಹಿಸಿಕೊಳ್ಳಿ. ಅರೇಬಿಕಾ, ರೊಬಸ್ಟಾ, ಮರಕ್ಕೆ ಹಬ್ಬಿಸಿದ ಮೆಣಸು, ಹಳೆಯ ಹೆಂಚಿನ ಮನೆ. ಅದರಲ್ಲಿ ಮಕ್ಕಳು ಬೆಂಗಳೂರಿಗೆ ಹೋದ ಮೇಲೆ ಖಾಲಿ ಬಿದ್ದ ನಾಲ್ಕು ಕೋಣೆ. ಇವರಿಗೆ ಒಬ್ಬ ಡಿಜಿಟಲ್ ಸಲಹೆಗಾರ ಗಂಟುಬೀಳುತ್ತಾನೆ. ಅವನು ಕೋಣೆ ನೋಡುವುದಿಲ್ಲ, ಅಡುಗೆಮನೆಗೆ ಇಣುಕುವುದಿಲ್ಲ, ಕೊಟ್ಟ ಕಾಫಿಯನ್ನೂ ಪೂರ್ತಿ ಕುಡಿಯುವುದಿಲ್ಲ. ಲ್ಯಾಪ್‌ಟಾಪ್ ತೆರೆದು ಹೇಳುತ್ತಾನೆ: ‘ಸಾರ್, ಮೊದಲು ನಿಮ್ಮ ಎದುರಾಳಿಯನ್ನು ವಿಶ್ಲೇಷಿಸಬೇಕು.’

ಯಜಮಾನರಿಗೆ ಎದುರಾಳಿ ಇದ್ದಾರೆಂದೇ ಗೊತ್ತಿರಲಿಲ್ಲ. ಹಳ್ಳದಾಚೆಯ ತೋಟದವರು ಈವರೆಗೆ ಬರೀ ನೆಂಟರಾಗಿದ್ದರು.

ಈ ವಿಶ್ಲೇಷಣೆಯಲ್ಲಿ ಗೂಢಚರ್ಯೆಯೇನೂ ಇಲ್ಲ. ಬಹುತೇಕ ಜಾಲತಾಣಗಳ ಹೊಸ್ತಿಲಲ್ಲಿ ರೋಬೋಟ್ಸ್ ಎಂಬ ಪುಟ್ಟ ಕಡತ ಬಿದ್ದಿರುತ್ತದೆ. ಹುಡುಕುಯಂತ್ರಗಳು ಎಲ್ಲಿಗೆ ಹೋಗಬಹುದು, ಎಲ್ಲಿಗೆ ಹೋಗಬಾರದು ಎಂದು ಹೇಳುವ ಈ ಪದ್ಧತಿ 1994ರಷ್ಟು ಹಳೆಯದು. ಸಾಮಾನ್ಯವಾಗಿ ಅದರಲ್ಲೇ ಸೈಟ್‌ಮ್ಯಾಪಿನ ವಿಳಾಸವೂ ಇರುತ್ತದೆ. ಸೈಟ್‌ಮ್ಯಾಪ್ ಎಂದರೆ ತಾಣದ ಪುಟಗಳ ಪಟ್ಟಿ. ಒಂದು ಕಡತದಲ್ಲಿ 50,000 ವಿಳಾಸ ಮೀರುವಂತಿಲ್ಲ, ಮೀರಿದರೆ ಎರಡನೆಯ ಕಡತ. ಆ ವಿಳಾಸಗಳನ್ನು ಹಾಳೆಗೆ ಸುರಿದು ವಿಂಗಡಿಸಿದರೆ ಅಚ್ಚು ತಾನಾಗಿಯೇ ಕಾಣುತ್ತದೆ: ಇಲ್ಲಿ ಊರು, ಇಲ್ಲಿ ವಿಶೇಷಣ, ಇಲ್ಲಿ ಓರೆಗೆರೆ. ಹಳ್ಳದಾಚೆಯವರು ತಮ್ಮ ಗುಟ್ಟನ್ನೆಲ್ಲ ಗೇಟಿಗೇ ನೇತುಹಾಕಿದ್ದರು. ಸಲಹೆಗಾರ ಅದನ್ನು ಓದಿ, ಮೂವತ್ತು ಸ್ಲೈಡುಗಳ ವರದಿ ಮಾಡಿ, ಯಜಮಾನರಿಗೆ ಬಿಲ್ಲು ಕೊಟ್ಟ. ವರದಿಯ ಸಾರಾಂಶ: ಅವರದು 4,000 ಪುಟ, ನಿಮ್ಮದು ಆರು.

ಆರು ಎಂಬ ಸಂಖ್ಯೆಯನ್ನು ಅವನು ಕೆಂಪು ಬಣ್ಣದಲ್ಲಿ ಹಾಕಿದ್ದ. ಅಪ್ಪನ ಕಾಲದಿಂದಲೂ ಎಕರೆ ಲೆಕ್ಕದಲ್ಲಿ ಹಳ್ಳದಾಚೆಯವರಿಗಿಂತ ಒಂದು ಕೈ ಮೇಲಿದ್ದ ಮನೆತನ. ಯಜಮಾನರು ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ.

ಮುಂದಿನದನ್ನು ಹೇಳಬೇಕಾಗಿಲ್ಲ. ಇವರು 8,000 ಮಾಡಿಸಿದರು. ಮೂರು ತಿಂಗಳಾಗುವಷ್ಟರಲ್ಲಿ ಅವರು 10,000 ಮಾಡಿಸಿದರು, ಇವರು 12,000. ಈ ಪೈಪೋಟಿಯ ವೇಗಕ್ಕೆ ಒಂದು ಸರಳ ಕಾರಣವಿತ್ತು: ಎರಡೂ ತೋಟಗಳಿಗೆ ಸಲಹೆಗಾರ ಒಬ್ಬನೇ. ಬೆಳಿಗ್ಗೆ ಹಳ್ಳದ ಈಚೆ ನಿಂತು ಆಚೆಯವರನ್ನು ವಿಶ್ಲೇಷಿಸುತ್ತಿದ್ದ. ಮಧ್ಯಾಹ್ನ ಸಂಕ ದಾಟಿ ಈಚೆಯವರನ್ನು ವಿಶ್ಲೇಷಿಸುತ್ತಿದ್ದ. ಎದುರಾಳಿಯ ತಂತ್ರವನ್ನು ಇಷ್ಟು ನಿಖರವಾಗಿ ಬಲ್ಲ ತಜ್ಞ ಇನ್ನೊಬ್ಬನಿಲ್ಲ ಎಂದು ಇಬ್ಬರೂ ಒಪ್ಪಿದ್ದರು.

ಪುಟಗಳ ಒಳಗೆ ಏನಿದೆ ಎಂದು ನೋಡಿದವರು ತೋಟದ ರೈಟರು ಒಬ್ಬರೇ. ಆಳುಗಳ ಹಾಜರಿಯ ಚೆಕ್‌ರೋಲು ಬರೆಯುವುದು, ಮಳೆಯನ್ನು ಇಂಚು ಸೆಂಟುಗಳಲ್ಲಿ ಪುಸ್ತಕಕ್ಕೆ ಏರಿಸುವುದು ಅವರ ಕೆಲಸ. ಕಾಲಂ ನೋಡಿದರೆ ಲೆಕ್ಕ ಸರಿಯಿದೆಯೇ ಎಂದು ಪರೀಕ್ಷಿಸದೆ ಬಿಡುವ ಜಾಯಮಾನದವರಲ್ಲ. ಅವರ ಕಣ್ಣಿಗೆ ಮೊದಲು ಬಿದ್ದದ್ದು ದೂರ. ‘ಜಲಪಾತದಿಂದ ಕೇವಲ ಎರಡು ಕಿಲೋಮೀಟರ್’ ಎಂದಿತ್ತು. ಯಂತ್ರಕ್ಕೆ ಗೊತ್ತಿರುವುದು ಅಕ್ಷಾಂಶ, ರೇಖಾಂಶ. ಎರಡು ಚುಕ್ಕೆಗಳ ನಡುವೆ ನೇರ ಗೆರೆ ಎಳೆದು ಅಳೆದಿದೆ. ಆ ಗೆರೆಯ ಕೆಳಗೆ ಒಂದು ಕಣಿವೆ, ಎರಡು ಹೊಳೆ, ಒಂದು ಮೀಸಲು ಅರಣ್ಯ ಇರುವುದು ಗೆರೆಗೆ ಗೊತ್ತಿಲ್ಲ. ಮಲೆನಾಡಿನಲ್ಲಿ ಎದುರುಗಡೆ ಕಾಣುವ ಮನೆಗೆ ಹೋಗಬೇಕಾದರೂ ಅರ್ಧ ತಾಲ್ಲೂಕು ಸುತ್ತಬೇಕೆಂದು ಬೆಂಗಳೂರಿನ ಸರ್ವರ್‌ಗೆ ಹೇಳುವವರು ಯಾರು? ನಂಬಿ ಬಂದ ಒಂದು ಸಂಸಾರ ಸಂಜೆಯವರೆಗೂ ಘಾಟಿಯಲ್ಲಿ ಸುತ್ತಿ, ಜಲಪಾತವನ್ನು ಬಿಟ್ಟು ಉಳಿದ ಎಲ್ಲವನ್ನೂ ನೋಡಿತು.

ಎರಡನೆಯದು ವಿಭಕ್ತಿ. ಅಚ್ಚನ್ನು ಮೊದಲು ತಯಾರಿಸಿದವನು ಕಳಸದ ಹೆಸರು ಹಾಕಿ ಪರೀಕ್ಷಿಸಿದ್ದ. ‘ಕಳಸ’ದ ಮುಂದೆ ‘ದಲ್ಲಿ’ ಅಂಟಿಸಿದ, ಸರಿಯಾಗಿ ಕೂತಿತು. ಕೊಪ್ಪಕ್ಕೂ ಕೂತಿತು. ಅಷ್ಟಕ್ಕೇ ತೃಪ್ತನಾಗಿ ಗುಂಡಿ ಒತ್ತಿದ. ಅಂದಿನಿಂದ ಜಿಲ್ಲೆಯಲ್ಲಿ ‘ಕಡೂರುದಲ್ಲಿ’ ಕೋಣೆ ಸಿಗುತ್ತದೆ, ‘ಶೃಂಗೇರಿದಲ್ಲಿ’ ಊಟ ಸಿಗುತ್ತದೆ, ‘ಮೂಡಿಗೆರೆದಲ್ಲಿ’ ಮನಸ್ಸಿಗೆ ನೆಮ್ಮದಿ ಸಿಗುತ್ತದೆ. ಇದನ್ನು ತಿದ್ದಿ ಎಂದು ರೈಟರು ಹೇಳಿದಾಗ ಸಲಹೆಗಾರ ಕೊಟ್ಟ ಉತ್ತರವನ್ನು ಕಲ್ಲಿನಲ್ಲಿ ಕೆತ್ತಿಸಿ ಬೇಲೂರಿನ ಶಾಸನಗಳ ಪಕ್ಕದಲ್ಲಿ ನಿಲ್ಲಿಸಬೇಕು: ‘ಮೊದಲನೇ ಸ್ಥಾನದಲ್ಲಿರುವ ತಾಣದವರೂ ಶೃಂಗೇರಿದಲ್ಲಿ ಎಂದೇ ಬರೆದಿದ್ದಾರೆ ಸಾರ್. ನಾವು ಶೃಂಗೇರಿಯಲ್ಲಿ ಎಂದು ಬರೆದು ರಿಸ್ಕ್ ತೆಗೆದುಕೊಳ್ಳುವುದು ಬೇಡ.’ ಮೊದಲನೇ ಸ್ಥಾನದವರು ಅದನ್ನು ಯಾರನ್ನು ನೋಡಿ ಬರೆದರೆಂದು ವಿಶ್ಲೇಷಿಸುತ್ತ ಹೋದರೆ, ಸುತ್ತಿ ಸುತ್ತಿ ಮತ್ತೆ ನಮ್ಮ ಯಜಮಾನರ ಗೇಟಿಗೇ ಬಂದು ಮುಟ್ಟಬಹುದು.

ಇವೆರಡನ್ನೂ ಕ್ಷಮಿಸಬಹುದಿತ್ತು. ರೈಟರು ಕನ್ನಡಕ ತೆಗೆದು ಒರೆಸಿಕೊಂಡದ್ದು ಮೂರನೆಯದನ್ನು ಕಂಡಾಗ. ಊರುಗಳ ಪಟ್ಟಿಯನ್ನು ಸಲಹೆಗಾರ ಜನಗಣತಿಯ ಹಾಳೆಯಿಂದ ಇಡಿಯಾಗಿ ಎತ್ತಿಕೊಂಡಿದ್ದ. ಕಂದಾಯದ ಲೆಕ್ಕದಲ್ಲಿ ಬೇಚರಾಕ್ ಗ್ರಾಮಗಳು ಎಂಬವು ಇವೆ: ಹೆಸರಿದೆ, ಗಡಿಯಿದೆ, ಸರ್ವೆ ನಂಬರಿದೆ, ವಾಸಕ್ಕೆ ಒಂದು ನರಪಿಳ್ಳೆಯೂ ಇಲ್ಲ. ಜನಗಣತಿಯ ಪಟ್ಟಿಯಲ್ಲೂ ಅವು ಸೊನ್ನೆ ಜನಸಂಖ್ಯೆ ಹೊತ್ತುಕೊಂಡು ಶಿಸ್ತಾಗಿ ನಿಂತಿರುತ್ತವೆ. ಅಚ್ಚಿಗೆ ಜನಸಂಖ್ಯೆಯ ಕಾಲಂ ಬೇಕಿರಲಿಲ್ಲ, ಹೆಸರು ಸಾಕಿತ್ತು. ಹೀಗಾಗಿ ಲಂಟಾನ ಬೆಳೆದ, ಕಾಡುಹಂದಿ ಮಾತ್ರ ಓಡಾಡುವ ಗ್ರಾಮಕ್ಕೂ ನಲವತ್ತು ಪುಟ ಸಂದಿತು. ‘ಇಲ್ಲಿನ ಆತಿಥ್ಯಪ್ರಿಯ ಜನರು ನಿಮ್ಮನ್ನು ನಗುಮೊಗದಿಂದ ಸ್ವಾಗತಿಸುತ್ತಾರೆ.’ ‘ಸ್ಥಳೀಯರು ಹೆಚ್ಚು ಮೆಚ್ಚಿದ ದಂತ ಚಿಕಿತ್ಸಾಲಯಗಳು.’ ಅಲ್ಲಿನ ನಿವಾಸಿಗಳು ವಿಮರ್ಶೆ ಬರೆದು ಐದಕ್ಕೆ ನಾಲ್ಕೂವರೆ ನಕ್ಷತ್ರ ಕೊಟ್ಟಿದ್ದಾರೆ. ಅರ್ಧ ನಕ್ಷತ್ರ ಯಾಕೆ ಕಡಿಮೆಯಾಯಿತೋ, ನೆರೆಹೊರೆ ಸರಿಯಿಲ್ಲದಿರಬಹುದು.

ಹಳ್ಳದಾಚೆಯವರ ಪಟ್ಟಿಯಲ್ಲಿ ಆ ಗ್ರಾಮವಿರಲಿಲ್ಲ. ‘ಇದು ನಮ್ಮ ಬಲ’ ಎಂದ ಸಲಹೆಗಾರ.

ಅಚ್ಚೇ ಪಾಪ ಎಂದು ನಾನು ಹೇಳುತ್ತಿಲ್ಲ. ಬಸ್ ನಿಲ್ದಾಣದ ವೇಳಾಪಟ್ಟಿಯೂ ಅಚ್ಚೇ: ಊರು, ದಾರಿ, ಹೊತ್ತು. ಸರ್ಕಾರದ ಕೃಷಿ ಮಾರಾಟ ವಾಹಿನಿಯೂ ಅಚ್ಚೇ: ಮಾರುಕಟ್ಟೆ, ಸರಕು, ಆವಕ, ಕನಿಷ್ಠ ಬೆಲೆ, ಗರಿಷ್ಠ ಬೆಲೆ. ತರೀಕೆರೆಯ ಅಡಿಕೆಗೆ ಒಂದು ಸಾಲು, ಕಡೂರಿನ ಕೊಬ್ಬರಿಗೆ ಇನ್ನೊಂದು ಸಾಲು. ನೋಡುವುದಕ್ಕೆ ನೀರಸ, ಆದರೆ ಸಾಲು ಬದಲಾದಾಗ ಸಂಗತಿಯೂ ಬದಲಾಗುತ್ತದೆ. ಹಳ್ಳಿಗೊಂದು ಪುಟ ಮಾಡಿ ಅದರಲ್ಲಿ ನಿನ್ನೆ ಬಿದ್ದ ಮಳೆಯನ್ನು ಹಾಕಿ ನೋಡಿ, ಕಾಫಿ ಹೂ ಅರಳಿಸುವ ಹೂಮಳೆಗೆ ಕಾದು ಕೂತ ಬೆಳೆಗಾರ ದಿನಕ್ಕೆ ಎರಡು ಸಲ ತೆರೆಯುತ್ತಾನೆ. ತೂತಿನಲ್ಲಿ ತುಂಬುವುದಕ್ಕೆ ನಿಮ್ಮ ಹತ್ತಿರ ಏನಾದರೂ ಇರಬೇಕು, ಅಷ್ಟೆ. ರೈಟರ ಮಳೆ ಪುಸ್ತಕದಲ್ಲಿ ಬೇರೆ ಯಾರ ಬಳಿಯೂ ಇಲ್ಲದ ವರ್ಷಗಟ್ಟಲೆಯ ಲೆಕ್ಕವಿತ್ತು. ಅವರು ಅದನ್ನು ಮುಂದಿಟ್ಟರು ಕೂಡ. ಸಲಹೆಗಾರ ತಿರುವಿ ನೋಡಿ, ಎದುರಾಳಿಯ ಅಚ್ಚಿನಲ್ಲಿ ಇಂಥ ಕಾಲಂ ಇಲ್ಲವೆಂದು ವಾಪಸು ಕೊಟ್ಟ.

ಅಷ್ಟಾದರೂ ಭೇಟಿಗಳ ಸಂಖ್ಯೆ ಏರಿತು. ಒಂದು ವಾರ ಸರ್ವರ್‌ನ ದಾಖಲೆಯಲ್ಲಿ ಸಾವಿರಾರು ಭೇಟಿ ಕಂಡು ಯಜಮಾನರು ಹಾಸಿಗೆ ಹೊದಿಕೆಗಳನ್ನೆಲ್ಲ ಕಣದಲ್ಲಿ ಬಿಸಿಲಿಗೆ ಹಾಕಿಸಿದರು. ‘ಊಟಕ್ಕೆ ಎಷ್ಟು ಜನ?’ ಎಂದು ಅಡುಗೆಯವರು ಕೇಳಿದರು. ಊಟಕ್ಕೆ ಯಾರೂ ಇರಲಿಲ್ಲ. ಬಂದವರೆಲ್ಲ ಬಾಟ್‌ಗಳು, ಅಂದರೆ ತಾಣಗಳನ್ನು ತಾವಾಗಿಯೇ ಜಾಲಾಡುವ ತಂತ್ರಾಂಶಗಳು: ಹುಡುಕುಯಂತ್ರದ್ದೊಂದು, ಎಸ್‌ಇಒ ಉಪಕರಣಗಳವು ಒಂದಷ್ಟು, ಹಳ್ಳದಾಚೆಯವರ ಪರವಾಗಿ ಈಚೆಯವರ ಪುಟಗಳನ್ನು ಎಣಿಸಲು ಸಲಹೆಗಾರನೇ ಬಿಟ್ಟದ್ದು ಇನ್ನೊಂದು. ಅಕ್ಕಿರೊಟ್ಟಿಯ ಆಸೆಯಿಲ್ಲದ, ಬಿಸಿನೀರು ಕೇಳದ, ಹಣವನ್ನೂ ಕೊಡದ ಅತಿಥಿಗಳು.

ಎದುರಾಳಿಯ ಸೈಟ್‌ಮ್ಯಾಪಿನಲ್ಲಿ ಎಷ್ಟು ವಿಳಾಸವಿದೆ ಎಂದು ಯಾರು ಬೇಕಾದರೂ ಎಣಿಸಬಹುದು. ಅದರಲ್ಲಿ ಎಷ್ಟನ್ನು ಗೂಗಲ್ ತನ್ನ ಸೂಚಿಗೆ ಸೇರಿಸಿಕೊಂಡಿದೆ ಎಂಬ ಸರಿಯಾದ ಲೆಕ್ಕ ಗೂಗಲ್ ತಾಣದ ಒಡೆಯರಿಗೆ ಕೊಡುವ ಸರ್ಚ್ ಕನ್ಸೋಲ್ ಎಂಬ ಲೆಕ್ಕಪುಸ್ತಕದಲ್ಲಿ ಆಯಾ ತಾಣದವರಿಗಷ್ಟೇ ಕಾಣುತ್ತದೆ. ಹೊರಗಿನವರಿಗೆ ಸಿಗುವುದು ಅಂದಾಜು. ‘ನೋಡಿದ್ದೇವೆ, ಸದ್ಯಕ್ಕೆ ಸೇರಿಸಿಕೊಂಡಿಲ್ಲ’ ಎಂಬ ಅರ್ಥದ ಷರಾ ಅಲ್ಲಿ ಇರುತ್ತದೆ. ಹೆಣ್ಣು ನೋಡಿ ಹೋದ ಗಂಡಿನ ಕಡೆಯವರ ಮಾತಿನಷ್ಟೇ ಸ್ಪಷ್ಟ. ಈ ಷರಾದ ಎದುರಿಗಿನ ಸಂಖ್ಯೆ ಇಬ್ಬರ ತಾಣದಲ್ಲೂ ಬಹುತೇಕ ಪುಟಗಳನ್ನು ನುಂಗಿತ್ತು. ಎರಡೂ ಕಡೆಯ ಬೀಗದ ಕೈ ಇದ್ದದ್ದು ಒಬ್ಬನ ಬಳಿ. ಅವನು ವೃತ್ತಿಧರ್ಮಕ್ಕೆ ಬದ್ಧನಾಗಿ, ಒಬ್ಬ ಗ್ರಾಹಕರ ಗುಟ್ಟನ್ನು ಇನ್ನೊಬ್ಬರಿಗೆ ಹೇಳಲಿಲ್ಲ.

ಗೂಗಲ್ ಇದಕ್ಕೆಲ್ಲ ಎಚ್ಚರಿಕೆ ಕೊಡುತ್ತ ಬಂದು ಬಹಳ ಕಾಲವಾಯಿತು. 2011ರಲ್ಲಿ ಪಾಂಡಾ ಎಂದು ಮುದ್ದಾದ ಹೆಸರಿಟ್ಟು, ತಿರುಳಿಲ್ಲದ ಪುಟಗಳನ್ನು ಕೆಳಗೆ ತಳ್ಳಿತು. 2015ರಲ್ಲಿ ಬರೀ ಬಾಗಿಲಾಗಿ ನಿಂತ ಪುಟಗಳ ಮೇಲೆ ಕಣ್ಣುಹಾಯಿಸಿತು. 2024ರ ಮಾರ್ಚಿನಲ್ಲಿ, ಓದುಗನಿಗೆ ಉಪಯೋಗವಾಗದೆ ಬರೀ ಶ್ರೇಯಾಂಕಕ್ಕಾಗಿ ರಾಶಿ ಹಾಕಿದ ಪುಟಗಳನ್ನು, ಯಂತ್ರ ಬರೆದಿರಲಿ ಮನುಷ್ಯ ಬರೆದಿರಲಿ, ಸ್ಪ್ಯಾಮ್ ಎಂದೇ ಪರಿಗಣಿಸುವುದಾಗಿ ಹೇಳಿತು. ಪುಟದ ಮೇಲ್ಭಾಗದಲ್ಲಿ ತನ್ನ ಜಾಹೀರಾತುಗಳನ್ನು ಪೇರಿಸಿಟ್ಟುಕೊಂಡು ಉಳಿದವರಿಗೆ ಶುಚಿತ್ವದ ಪಾಠ ಹೇಳುವ ಕಂಪನಿಯ ಬಗ್ಗೆ ನನಗೆ ವಿಶೇಷ ಭಕ್ತಿಯಿಲ್ಲ. ಆದರೂ ನಿಯಮ ನಿಯಮವೇ. ಒಂದು ಬೆಳಿಗ್ಗೆ ಹಳ್ಳದ ಎರಡೂ ದಂಡೆಗಳಲ್ಲಿ ಪುಟಗಳು ನಾಪತ್ತೆಯಾದವು. ಮೊದಲಿನಿಂದ ಇದ್ದ ಆ ಆರು ಪುಟಗಳೂ ಜೊತೆಗೆ ಹೋದವು. ಹೋಂಸ್ಟೇಯ ಹೆಸರು ಹಾಕಿ ಹುಡುಕಿದರೆ ಯಾವುದೋ ಜಿಲ್ಲೆಯ ಟೈಲ್ಸ್ ಅಂಗಡಿ ಬರತೊಡಗಿತು.

ಯಜಮಾನರು ಸಲಹೆಗಾರನನ್ನು ಕರೆಸಿದರು. ಅವನು ಹೊಸ ಸ್ಲೈಡುಗಳೊಂದಿಗೇ ಬಂದ.

‘ಗಾಬರಿ ಬೇಡ ಸಾರ್. ಈಗ ದೊಡ್ಡ ದೊಡ್ಡ ತಾಣದವರೆಲ್ಲ ಕಂಟೆಂಟ್ ಪ್ರೂನಿಂಗ್ ಮಾಡಿಸುತ್ತಿದ್ದಾರೆ. ಬೇಡದ ಪುಟಗಳನ್ನು ಕತ್ತರಿಸಿ ತೆಗೆಯುವುದು. ತೆಗೆದಷ್ಟೂ ಉಳಿದವು ಚೆನ್ನಾಗಿ ಚಿಗುರುತ್ತವೆ.’

ಇಷ್ಟು ದಿನದಲ್ಲಿ ಅವನ ಮಾತೊಂದು ಯಜಮಾನರಿಗೆ ಪೂರ್ತಿ ಅರ್ಥವಾದದ್ದು ಇದೇ ಮೊದಲು. ಕಾಫಿ ಗಿಡದ ಬೇಡದ ರೆಂಬೆ ಕತ್ತರಿಸುವ ಕಪಾತು ಅವರಿಗೆ ಗೊತ್ತಿಲ್ಲದ ಕೆಲಸವೇ? ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು.

‘ಗುತ್ತಿಗೆಯೋ, ದಿನಗೂಲಿಯೋ?’

‘ಪುಟಕ್ಕೆ ಇಷ್ಟು ಎಂದು ಸಾರ್.’

ಹಾಕುವುದಕ್ಕೆ ಆದದ್ದಕ್ಕಿಂತ ತೆಗೆಯುವುದಕ್ಕೆ ಪುಟಕ್ಕೆ ಒಂದು ರೂಪಾಯಿ ಜಾಸ್ತಿಯಿತ್ತು. ರೈಟರು ಹನ್ನೆರಡು ಸಾವಿರದಿಂದ ಗುಣಿಸಿ ಚೀಟಿಯನ್ನು ಮುಂದಿಟ್ಟರು. ಯಜಮಾನರು ಮೊತ್ತದ ಕಡೆಗೆ ನೋಡಲೇ ಇಲ್ಲ.

‘ಹಳ್ಳದಾಚೆಯವರು ಎಷ್ಟು ತೆಗೆಸುತ್ತಿದ್ದಾರೆ?’ ಎಂದು ಕೇಳಿದರು.