ಸತ್ಯಾಂಶ: ಅತಿಥಿ ರಕ್ಷಣೆಯ ಕಟ್ಟಳೆ ಕಾದಂಬರಿಕಾರರ ಕಲ್ಪನೆಯಲ್ಲ

ಮನೆಯ ರೊಟ್ಟಿ ಮತ್ತು ಉಪ್ಪನ್ನು ತಿಂದ ಅತಿಥಿಗೆ ಆತಿಥೇಯನು ಹಾನಿ ಮಾಡಬಾರದೆಂಬ ಕಟ್ಟಳೆಯನ್ನು ‘ಗೇಮ್ ಆಫ್ ಥ್ರೋನ್ಸ್’ ಖ್ಯಾತಿಯ ಅಮೆರಿಕದ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ಅವರೇ ತಮ್ಮ ಕಾದಂಬರಿಗಾಗಿ ಕಲ್ಪಿಸಿದರೆಂಬ ಸಂದೇಶವೊಂದು ಹರಿದಾಡುತ್ತಿದೆ. ಇದು ನಿಜವಲ್ಲ. ಪ್ರಾಚೀನ ಗ್ರೀಕರು ಅತಿಥಿಗಳ ರಕ್ಷಣೆಯನ್ನು ಸ್ವತಃ ತಮ್ಮ ದೇವತೆಗಳ ಅರಸನಾದ ಜ್ಯೂಸ್‌ನ ಹೊಣೆಯೆಂದು ನಂಬಿದ್ದರು. ಮಾರ್ಟಿನ್ ಅವರ 2000ದ ಕಾದಂಬರಿಯಲ್ಲಿ ಬರುವ ಮದುವೆಮನೆಯ ಹತ್ಯಾಕಾಂಡಕ್ಕೆ ಪ್ರೇರಣೆ, ಅವರೇ ಹೇಳಿರುವಂತೆ, ಸ್ಕಾಟ್ಲೆಂಡಿನ ಎರಡು ಘಟನೆಗಳು: 1440ರಲ್ಲಿ ಎಡಿನ್‌ಬರ್ಗ್ ಕೋಟೆಗೆ ಊಟಕ್ಕೆ ಕರೆಸಿಕೊಂಡ ಡಗ್ಲಸ್ ಮನೆತನದ ತರುಣ ಸಹೋದರರ ವಧೆ, ಮತ್ತು 1692ರಲ್ಲಿ ಗ್ಲೆನ್‌ಕೋ ಕಣಿವೆಯ ಮ್ಯಾಕ್‌ಡೊನಾಲ್ಡ್ ಕುಲದವರ ಮನೆಗಳಲ್ಲಿ ಸುಮಾರು ಎರಡು ವಾರ ಉಂಡು ತಂಗಿದ್ದ ಸೈನಿಕರು ಆ ಮನೆಯವರನ್ನೇ ಕೊಂದದ್ದು. ಎರಡನೆಯದರಲ್ಲಿ ದ್ರೋಹ ಬಗೆದವರು ಅತಿಥಿಗಳು. ಕಟ್ಟಳೆಯು ಆತಿಥೇಯ, ಅತಿಥಿ ಇಬ್ಬರಿಗೂ ಅನ್ವಯಿಸುತ್ತಿತ್ತೆಂಬುದನ್ನು ಸಂದೇಶ ಬರೆದವರು ಮರೆತೇಬಿಟ್ಟಿದ್ದಾರೆ. ಸ್ಕಾಟ್ಲೆಂಡಿನ ಕಾನೂನಂತೂ ಇಂತಹ ನಂಬಿಕೆದ್ರೋಹದ ಕೊಲೆಯನ್ನು 1587ರಲ್ಲಿಯೇ ರಾಜದ್ರೋಹಕ್ಕೆ ಸಮನಾಗಿ ಎಣಿಸಿತ್ತು.