ಮೆನಾಜ್ಜೊದ ಫೆರಿ, ತುಮರಿಯ ಲಾಂಚು

ನಾನು ಓಡಿ ಬರುವುದಕ್ಕೂ ಇಟಲಿಯ ಕೋಮೊ ಸರೋವರದ ದಡದ ಊರು ಮೆನಾಜ್ಜೊದ ಫೆರಿ ಹಗ್ಗ ಬಿಚ್ಚುವುದಕ್ಕೂ ಸರಿಹೋಯಿತು. ನಡುವೆ ಒಂದು ಮಾರು ನೀರು. ಕೈ ಬೀಸಿದೆ. ಹಗ್ಗ ಸುತ್ತುತ್ತಿದ್ದವನು ಕಂಬದ ಮೇಲಿನ ವೇಳಾಪಟ್ಟಿಯನ್ನು ಕಣ್ಣಲ್ಲೇ ತೋರಿಸಿದ, ಅಷ್ಟೇ. ನಮ್ಮ ಕಡೆ, ಶರಾವತಿ ಹಿನ್ನೀರು ದಾಟಿ ತುಮರಿಗೆ ಹೋಗಲು ಲಾಂಚು ಹತ್ತುತ್ತಿದ್ದ ಅಂಬಾರಗೋಡ್ಲಿನಲ್ಲಾಗಿದ್ದರೆ "ಬನ್ನಿ ಮಾರಾಯ್ರೇ, ಬೇಗ" ಎಂದು ಕೂಗಿ ಹತ್ತಿಸಿಕೊಳ್ಳುತ್ತಿದ್ದರು.

ಉತ್ತರ ಇಟಲಿಯ ಕೋಮೊ ಪ್ರಾಂತ್ಯದಲ್ಲಿ ನೀರೇ ದಾರಿ. ಸರೋವರ ತಲೆಕೆಳಗಾದ ವೈ ಅಕ್ಷರದಂತೆ ಚಾಚಿಕೊಂಡಿದೆ, ಕವಲಿನ ತುದಿಯಲ್ಲಿ ಬೆಲ್ಲಾಜೊ ಊರು. ಆಳ 400 ಮೀಟರ್‌ಗೂ ಜಾಸ್ತಿ. ಮಿಲಾನಿನಿಂದ ಕೋಮೊಗೆ ಬಂದ ರೈಲು ಸ್ವಿಟ್ಜರ್ಲೆಂಡ್ ಕಡೆ ತಿರುಗಿಬಿಡುತ್ತದೆ. ದಡದುದ್ದಕ್ಕೂ ರೈಲು ಬೇಕಾದರೆ ಆಚೆ ದಡಕ್ಕೇ ಹೋಗಬೇಕು. ಅದು ಲೆಕ್ಕೊ ಪ್ರಾಂತ್ಯ, 1992ರಲ್ಲಿ ಕೋಮೊದಿಂದ ಬೇರೆಯಾದದ್ದು. ಮೆನಾಜ್ಜೊ ಇರುವ ಪಶ್ಚಿಮ ದಡಕ್ಕೆ ಸಿಕ್ಕಿದ್ದು ಬೆಟ್ಟಕ್ಕೂ ನೀರಿಗೂ ನಡುವೆ ತೂರಿಕೊಂಡ ರೆಜಿನಾ ರಸ್ತೆ. ಕೆಲವು ಊರೊಳಗೆ ಎರಡು ಬಸ್ಸು ಎದುರಾದರೆ ಒಂದು ಹಿಂದೆ ಸರಿಯಲೇಬೇಕು. ಅದಕ್ಕೇ ಫೆರಿ. ಕಾರನ್ನೂ ಹೊತ್ತುಕೊಂಡು ಕಾಲು ಗಂಟೆಯಲ್ಲಿ ಆಚೆ ದಡದ ವರೆನ್ನಾಗೆ ಇಳಿಸುತ್ತದೆ. ಅಲ್ಲಿಂದ ಸ್ವಲ್ಪ ನಡೆದರೆ ಮಿಲಾನ್ ರೈಲು.

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವನಿಗೆ ಇದನ್ನು ನೋಡಿ ಹೊಟ್ಟೆ ಉರಿಯದೇ ಇರುತ್ತಾ? 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಊರು ಮುಳುಗಿಸಿದರು. ಬೆಳಕು ನಾಡಿಗೆಲ್ಲ ಹೋಯಿತು, ಹಿನ್ನೀರಿನವರಿಗೆ ದಾರಿ ಮಾತ್ರ ಸಿಗಲಿಲ್ಲ. ಸಂಜೆಯಾದರೆ ಲಾಂಚು ಬಂದ್. ಬೇಸಿಗೆಯಲ್ಲಿ ನೀರಿಳಿದರೆ ವಾಹನ ಹತ್ತಿಸುತ್ತಿರಲಿಲ್ಲ. ಅಡಿಕೆ ಮೂಟೆ, ಹೆರಿಗೆ ನೋವಿನ ಹೆಂಗಸು, ಸಿಗಂದೂರಿಗೆ ಹರಕೆ ಹೊತ್ತವರು, ಎಲ್ಲರೂ ಒಂದೇ ದಡದಲ್ಲಿ ಕಾಯಬೇಕಿತ್ತು. ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಅರವತ್ತು ವರ್ಷ ಸುಮ್ನೆ ಹೋಯಿತು.

ಆದರೂ ಅಂಬಾರಗೋಡ್ಲಿನ ಆ ಕೂಗೇ ಚೆಂದ ಎನ್ನುತ್ತೇನೆ ನಾನು. ವೇಳಾಪಟ್ಟಿಗೆ ಯಾರು ಬಂದರೇನು, ಬಿಟ್ಟರೇನು? ಇಲ್ಲಿ ಜುಲೈ ಭಾನುವಾರ ಪ್ರವಾಸಿಗರ ಸಾಲಿನ ಹಿಂದೆ ನಿಂತ ಊರಿನ ಮುದುಕಿಯನ್ನೂ ಬಿಟ್ಟು ಫೆರಿ ಹೊರಡುತ್ತದೆ.

ಸರಿ, ಒಪ್ಪಿಕೊಳ್ಳಬೇಕು. ಆ ಹಗ್ಗದವನು ಕಾಯದಿದ್ದದ್ದು ಮುಂದಿನ ಫೆರಿ ಬಂದೇ ಬರುತ್ತದೆ ಅಂತ. ನಮ್ಮವರು ಕಾಯುತ್ತಿದ್ದದ್ದು ಲಾಂಚು ತಪ್ಪಿದರೆ ಏನಾಗುತ್ತದೆ ಅಂತ ಗೊತ್ತಿದ್ದರಿಂದ. ಮತ್ತೆ, ಈ ಸರೋವರದ ಕಣಿವೆ ಹಿಮನದಿ ಕೊರೆದದ್ದು. ಇದಕ್ಕಾಗಿ ಯಾರೂ ಮನೆಮಠ ಬಿಡಲಿಲ್ಲ.

ತುಮರಿಯ ಅತ್ತೆಗೆ ಫೋನ್ ಮಾಡಿ ಲಾಂಚು ನೆನಪಾಗುತ್ತಾ ಎಂದು ಕೇಳಿದೆ. "ನಿಂಗೆ ತಲೆ ಸರಿ ಇಲ್ಲ" ಎಂದು ಬೈದು, ಈಗ ಸಾಗರದ ಬಸ್ಸಿಗೆ ಎಷ್ಟು ಹೊತ್ತಿಗೆ ಹೊರಟರೂ ಆಗುತ್ತದೆ ಅಂತ ಶುರು ಮಾಡಿದರು.