ಸಿ26

"ಮನೇಲೇ ಇರ್ತೀಯಲ್ಲ, ಆರಾಮ ಬಿಡು" ಅಂತ ಯಾರಾದ್ರೂ ಅಂದ್ರೆ ಈಗಲೂ ಮೈ ಉರಿಯುತ್ತೆ. ಗಂಡನ ಎಚ್-1ಬಿ ಕೆಲಸದ ವೀಸಾ ಆಧಾರದ ಮೇಲೆ ಸಿಗೋ ಎಚ್-4 ವೀಸಾದಲ್ಲಿ ಅಮೆರಿಕಕ್ಕೆ ಬಂದವರಿಗೆ ಈ ಮಾತು ಎಲ್ಲಿ ನಾಟುತ್ತೆ ಅಂತ ಗೊತ್ತು.

ಎಂಟು ವರ್ಷ ಟೆಸ್ಟಿಂಗ್ ಕೆಲಸ ಮಾಡಿ ಬಂದವಳು ನಾನು. ಇಲ್ಲಿ ಎಲ್ಲಿ ಹೋದ್ರೂ ಎಸ್‌ಎಸ್‌ಎನ್ (ಸೋಶಿಯಲ್ ಸೆಕ್ಯೂರಿಟಿ ನಂಬರ್) ಕೇಳ್ತಾರೆ. ದುಡಿಯೋ ಪರ್ಮಿಟ್ ಇಲ್ಲದ ನಮಗೆ ಆ ನಂಬರೇ ಸಿಗಲ್ಲ. ಇರೋದಕ್ಕೆ ಒಂದು ಅನುಮತಿ, ದುಡಿಯೋದಕ್ಕೆ ಇನ್ನೊಂದು. ಮೊದಲನೆಯದು ಮದುವೆಯ ದಾಖಲೆ ತೋರಿಸಿ ಪಡೆದಿದ್ದಾಯ್ತು. ಎರಡನೆಯದಕ್ಕೆ ಇವರ ಕಂಪನಿ ಗ್ರೀನ್ ಕಾರ್ಡ್ ಕೆಲಸ ಶುರು ಮಾಡಬೇಕು, ಅದಕ್ಕೆ ಕಂಪನಿ ಹಾಕೋ ಐ-140 ಅರ್ಜಿ ಪಾಸಾಗಬೇಕು, ಆಮೇಲೆ ನಾನು ಐ-765, ಅಂದ್ರೆ ದುಡಿಯೋ ಪರ್ಮಿಟ್ ಕಾರ್ಡಿನ ಅರ್ಜಿ, ಹಾಕಬೇಕು. ಇವರ ಮ್ಯಾನೇಜರ್ "ಮುಂದಿನ ವರ್ಷ ನೋಡೋಣ" ಅಂದ್ರೆ ಮುಂದಿನ ವರ್ಷದವರೆಗೂ ನಾನು ಮನೇಲಿ. ನನಗೆ ಏನು ಕೆಲಸ ಬರುತ್ತೆ ಅಂತ ಇಷ್ಟರಲ್ಲಿ ಒಬ್ಬರೂ ಕೇಳಿಲ್ಲ, ನೋಡಿ.

2015ರ ಮೇ 26ಕ್ಕೆ ಮುಂಚೆ ಈ ದಾರಿಯೂ ಇರಲಿಲ್ಲ, ಒಪ್ಕೋತೀನಿ. ಆದ್ರೆ ನಮ್ಮ ಅಪಾರ್ಟ್‌ಮೆಂಟಿನಲ್ಲೇ ಎಲ್-2 ಮೇಲೆ (ಕಂಪನಿಯೇ ತನ್ನ ಅಮೆರಿಕದ ಆಫೀಸಿಗೆ ವರ್ಗ ಮಾಡಿದವರ ಸಂಸಾರಕ್ಕೆ ಕೊಡೋ ವೀಸಾ) ಬಂದ ಹುಡುಗಿ ಒಬ್ಬಳಿದ್ದಾಳೆ. ದೇಶದೊಳಗೆ ಬಂದಿದ್ದಕ್ಕೆ ಕೊಡೋ ಐ-94 ದಾಖಲೆಯಲ್ಲಿ ಅವಳಿಗೆ ಎಲ್-2ಎಸ್, ಅಂದ್ರೆ ಹೆಂಡತಿ ಅಥವಾ ಗಂಡ, ಅಂತ ಬಂತು, ಕೆಲಸಕ್ಕೆ ಸೇರಿದಳು. ಅಷ್ಟೇ! 2021ರ ನವೆಂಬರಿನಿಂದ ಅಂಥವರಿಗೆ ದುಡಿಯೋಕೆ ಬೇರೆ ಕಾರ್ಡೇ ಬೇಕಿಲ್ಲ. ಅವಳೂ ಟೆಸ್ಟರ್, ನಾನೂ ಟೆಸ್ಟರ್. ವ್ಯತ್ಯಾಸ ಇರೋದು ಗಂಡಂದಿರ ವೀಸಾದಲ್ಲಿ. ಅವಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ (ಸ್ವಲ್ಪ ಇತ್ತು). ಅವಳಿಗೆ ಸಿಕ್ಕಿದ್ದು ಎಲ್ಲರಿಗೂ ಸಿಗಬೇಕು ಅನ್ನೋದೇ ನನ್ನ ವಾದ. ಸಂಸಾರ ಮಾಡೋಕೆ ಒಳಗೆ ಬಿಟ್ಟ ಮೇಲೆ ಅದೇ ಕಾಗದದಲ್ಲಿ ದುಡಿಯೋಕೂ ಬಿಡಬೇಕು.

ಕೊನೆಗೂ ನನ್ನ ಸರದಿ ಬಂತು. ಗೆಳತಿಯ ಐ-765 ಫಾರ್ಮ್ ಪಕ್ಕದಲ್ಲಿಟ್ಕೊಂಡು ತುಂಬುವಾಗ, ಯಾವ ವರ್ಗದವರು ಅಂತ ಕೇಳೋ ಕಡೆ ಅವಳ ಸಿ9 ಕೋಡನ್ನೇ ನಾನೂ ಬರೆದಿದ್ದೆ. ಅದು ಗ್ರೀನ್ ಕಾರ್ಡ್‌ನ ಕೊನೆಯ ಅರ್ಜಿ ಹಾಕಿ ಕಾಯ್ತಿರೋರಿಗೆ. ನಮ್ಮದು ಸಿ26. ಕವರ್ ಅಂಟಿಸೋ ಹೊತ್ತಿಗೆ ಕಣ್ಣಿಗೆ ಬಿತ್ತು, ಪುಣ್ಯ. ಕಾರ್ಡ್ ಬಂದ ದಿನ ಮೊದಲು ಹುಡುಕಿದ್ದು ನನ್ನ ಹೆಸರನ್ನಲ್ಲ, ಆ ಸಿ26 ಅನ್ನ.

ಈಗ ಕೆಲಸ ಇದೆ. ಆದ್ರೆ ಕಾರ್ಡಿಗೆ ಕೊನೆಯ ದಿನಾಂಕವೂ ಇದೆ. ರಿನ್ಯೂವಲ್ ಅರ್ಜಿಯನ್ನ ಆ ದಿನಕ್ಕೆ 180 ದಿನಕ್ಕಿಂತ ಮುಂಚೆ ಹಾಕೋ ಹಾಗಿಲ್ಲ. ಮೊದಲೆಲ್ಲ ಅರ್ಜಿ ಬಾಕಿ ಇದ್ರೂ ಹಳೇ ಕಾರ್ಡ್ ಒಂದಷ್ಟು ಕಾಲ ತಾನಾಗೇ ಮುಂದುವರೀತಿತ್ತು. 2025ರ ಅಕ್ಟೋಬರ್ 30ರಿಂದ ಹಾಕಿದ ಅರ್ಜಿಗಳಿಗೆ ಅದನ್ನೂ ತೆಗೆದಿದ್ದಾರೆ. ಹಳೇ ಕಾರ್ಡ್ ಮುಗಿಯೋದರೊಳಗೆ ಹೊಸದು ಬರದಿದ್ರೆ ಆವತ್ತೇ ಲ್ಯಾಪ್‌ಟಾಪ್ ಮುಚ್ಚಿಡಬೇಕು.

ಆ ತಾರೀಖನ್ನ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೀನಿ. ಆಫೀಸಿನಲ್ಲಿ ಇನ್ನೂ ಹೇಳಿಲ್ಲ.